ಜಗಲಿಗೊಂದು ಕನ್ನಡಕ

ಜನರ ಮುಖ ನನಗೆ ನೆನಪಿರುವುದಿಲ್ಲ, ಮೂಗು ನೆನಪಿರುತ್ತದೆ. ಚಾಮರಾಜನಗರದಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡು ತಲೆ ನರೆಸಿಕೊಂಡವನ ಹಣೆಬರಹ ಇದು. ಹತ್ತಿರದ ಉಡಿಗಾಲದ ಯಜಮಾನರೊಬ್ಬರು ಬಸ್ ಸ್ಟ್ಯಾಂಡಿನಲ್ಲಿ ಎದುರಾಗಿ ‘ಗುರ್ತು ಸಿಕ್ತಾ?’ ಎಂದರೆ ನಾನು ಅವರ ಮೂಗಿನ ಮೇಲಿನ ಗುರುತು ನೋಡಿ, ಎಡಗಡೆ ಕೊಂಚ ತಗ್ಗಿಸಿ ಕೊಟ್ಟ ಫ್ರೇಮು ನೆನಪಾಗಿ, ‘ಓಹೋ, ಬನ್ನಿ ಬನ್ನಿ’ ಎನ್ನುತ್ತೇನೆ. ಆದ್ದರಿಂದ ನಮ್ಮ ಮಹಡಿಯ ಮೇಡಂ ಹೋದ ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದು ಅವರ ಮೂಗು ಎಂದರೆ ಯಾರೂ ತಪ್ಪು ತಿಳಿಯಬಾರದು. ನೀಳವಾದ, ಬುಡದಲ್ಲಿ ತೀರಾ ಸಣ್ಣಗಿದ್ದ ಮೂಗು. ಯಾವ ಕನ್ನಡಕವೂ ಅದರ ಮೇಲೆ ನಿಲ್ಲುತ್ತಿರಲಿಲ್ಲ. ಹೊಸ ಬಗೆಯ ಕನ್ನಡಕ ಮಾಡಲು ಹೊರಟವರು ತಮ್ಮ ಕನ್ನಡಕವನ್ನು ಮಾತ್ರ ತೋರುಬೆರಳಿನಿಂದ ಮೇಲಕ್ಕೆ ತಳ್ಳುತ್ತಲೇ ಇರುತ್ತಿದ್ದರು. ‘ಒಂದು ಸಲ ಕೊಡಿ ಮೇಡಂ, ಸರಿ ಮಾಡಿಕೊಡ್ತೀನಿ’ ಎಂದರೆ, ‘ಇರಲಿ ಬಿಡಿ, ತಳ್ಳುವಾಗ ಯೋಚನೆ ಬರುತ್ತೆ’ ಎನ್ನುತ್ತಿದ್ದರು.

ಅವರು ತೀರಿಕೊಂಡದ್ದು ಈ ಸಲದ ಶಿವರಾತ್ರಿಗೆ ಸ್ವಲ್ಪ ಮುಂಚೆ. ಗುಂಡ್ಲುಪೇಟೆ ಕಡೆಯ ಬೇಗೂರಿನಲ್ಲಿ, ಅಣ್ಣನ ಮನೆಯಲ್ಲಿ, ಮಧ್ಯಾಹ್ನ ಊಟ ಮಾಡಿ ಒರಗಿಕೊಂಡವರು ಮತ್ತೆ ಏಳಲಿಲ್ಲವಂತೆ. ಹೋಗುವ ವಯಸ್ಸೇನೂ ಆಗಿರಲಿಲ್ಲ. ಸುದ್ದಿ ಕೇಳಿ ನಾನು ಅಂಗಡಿಯ ಷಟರ್ ಅರ್ಧ ಎಳೆದು, ಮಹಡಿ ಹತ್ತಿ, ಅವರ ಸ್ಟೂಲಿನ ಮೇಲೆ ಸುಮ್ಮನೆ ಕೂತೆ. ಬಾಡಿಗೆಗಿದ್ದವರು ಹೋದರೆಂದು ಮನೆ ಮಾಲೀಕ ಅಳುವುದನ್ನು ನಾನೆಲ್ಲೂ ಕಂಡಿಲ್ಲ. ಆದರೂ ಅಳು ಬಂತು.

ಮೊದಲ ದಿನ ಅವರು ಬಂದು ‘ಮೇಲಿನ ಮನೆ ಖಾಲಿ ಇದೆಯಂತೆ’ ಎಂದಾಗ ಏನು ಕೆಲಸ ಮಾಡುತ್ತೀರಿ ಎಂದು ಕೇಳಿದ್ದೆ. ‘ಬೆಳಕಿನ ಕೆಲಸ’ ಎಂದರು. ಮದುವೆ ಮನೆಗಳಿಗೆ ಸೀರಿಯಲ್ ಸೆಟ್ ಕಟ್ಟಿಸುವವರಿರಬೇಕು ಎಂದುಕೊಂಡು, ‘ಏಣಿ, ವೈರು ಎಲ್ಲಾ ಮೆಟ್ಟಿಲ ಮೇಲೆ ಇಡಬಾರದು, ಗಿರಾಕಿಗಳು ಎಡವುತ್ತಾರೆ’ ಎಂದು ಕಟ್ಟುನಿಟ್ಟಾಗಿ ಹೇಳಿದೆ. ಅವರೂ ಅಷ್ಟೇ ಗಂಭೀರವಾಗಿ ‘ಇಡಲ್ಲ’ ಎಂದರು. ಆಮೇಲೆ ತಿಳಿಯಿತು, ಅವರು ಭೌತಶಾಸ್ತ್ರ ಓದಿ, ಮೈಸೂರಿನ ಸಣ್ಣ ಕಂಪನಿಯೊಂದರಲ್ಲಿ ಕ್ಯಾಮೆರಾಗಳಿಗೆ, ಆಸ್ಪತ್ರೆಯ ಯಂತ್ರಗಳಿಗೆ ಲೆನ್ಸು ವಿನ್ಯಾಸ ಮಾಡುತ್ತಾ ಅರ್ಧ ಆಯುಷ್ಯ ಕಳೆದವರು ಎಂದು. ಹುಟ್ಟಿದ್ದು ಬೇಗೂರು. ಮೂರು ಹೊತ್ತೂ ಶಿವಪೂಜೆ ಮಾಡುವ, ಅರಿಶಿನ, ಚೆಂಡುಹೂವು ಬೆಳೆಯುವ ಮನೆ. ಮದುವೆಯಾಗಿರಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮಹಡಿಯ ಮೇಲೆ ಅವರು ಮಾಡುತ್ತಿದ್ದುದೇನೆಂದು ನನಗೆ ಅರ್ಥ ಮಾಡಿಸಲು ಒಂದು ಗಾಜಿನ ಲೋಟದ ತುಂಬ ನೀರು ತಂದರು. ‘ಇದನ್ನು ಕಣ್ಣಿಗಿಂತ ಮೇಲೆ ಹಿಡಿದು, ಕೆಳಗಿನಿಂದ ಓರೆಯಾಗಿ ನೋಡಿ’ ಎಂದರು. ನೀರಿನ ಮೇಲ್ಮೈ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನೀರಿನೊಳಗಿನ ಬೆಳಕು ಓರೆಯಾಗಿ ಬಂದರೆ ಹೊರಗೆ ಹೋಗಲಾರದೆ ಒಳಕ್ಕೇ ತಿರುಗುತ್ತದಂತೆ. ಗಾಜಿನೊಳಗೂ ಹಾಗೆಯೇ. ಕನ್ನಡಕದ ಕಡ್ಡಿಯಲ್ಲಿ ಅಕ್ಕಿಕಾಳಿನಷ್ಟು ಪ್ರೊಜೆಕ್ಟರು ಇಟ್ಟು, ಅದರ ಬೆಳಕನ್ನು ಗಾಜಿನ ಅಂಚಿನಲ್ಲಿ ಒಳಕ್ಕೆ ಬಿಟ್ಟರೆ, ಬೆಳಕು ಗಾಜಿನ ಎರಡು ಮುಖಕ್ಕೂ ಬಡಿದು ಬಡಿದು ಮುಂದೆ ಹೋಗುತ್ತದೆ. ಕಣ್ಣಿನ ಎದುರಿಗೆ ಬಂದಾಗ ಅಲ್ಲಿ ಕೊರೆದಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳು ಅದನ್ನು ಹೊರಕ್ಕೆ ತಿರುಗಿಸುತ್ತವೆ. ಹಾಕಿಕೊಂಡವನಿಗೆ ಎದುರಿನ ಪ್ರಪಂಚವೂ ಕಾಣುತ್ತದೆ, ಅದರ ಮೇಲೆ ತೇಲುವ ಅಕ್ಷರಗಳೂ ಕಾಣುತ್ತವೆ. ನಾನು ಕೈ ನೋಯುವವರೆಗೆ ಲೋಟ ಹಿಡಿದುಕೊಂಡಿದ್ದು, ಕೊನೆಗೆ ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿಕೊಂಡೆ.

ಇಂಥ ಕನ್ನಡಕಗಳು ಆಗಲೇ ದೊಡ್ಡ ದೊಡ್ಡ ಊರುಗಳಲ್ಲಿ ಇದ್ದವು, ಆದರೆ ದಪ್ಪ. ‘ನೀರಿಗೆ ಧುಮುಕೋರ ಕನ್ನಡಕ ಇದ್ದಂಗಿರ್ತವೆ’ ಎನ್ನುತ್ತಿದ್ದರು ಮೇಡಂ. ಅವರ ಹಟವೆಲ್ಲ ಒಂದೇ ಹಾಳೆ ಗಾಜಿನಲ್ಲಿ ಮಾಡಬೇಕೆಂಬುದು. ಮೇಲೊಂದು ಮುಚ್ಚಳವಿಲ್ಲ, ಕೆಳಗೊಂದು ಪದರವಿಲ್ಲ. ಆ ಹಟ ಯಾರಿಗಾಗಿ ಎಂದು ತಿಳಿಯಲು ನನಗೆ ಸ್ವಲ್ಪ ಕಾಲ ಹಿಡಿಯಿತು.

ಅದಕ್ಕೂ ಮುಂಚೆ ಅವರ ಒಂದು ನಿಯಮದ ಬಗ್ಗೆ ಹೇಳಬೇಕು. ಮಹಡಿ ಹತ್ತುವವರೆಲ್ಲ ಮೊದಲು ಬಾಗಿಲಾಚೆಯ ನಲ್ಲಿಯಲ್ಲಿ ಕೈ ಮಾತ್ರವಲ್ಲ, ಮುಖವನ್ನೂ ಸೋಪು ಹಾಕಿ ತೊಳೆಯಬೇಕು. ಗೀರು ಕೊರೆಯುವಾಗ ಗಾಜಿನ ಮೇಲೆ ಪುಡಿ ಬಿದ್ದರೆ ಕೆಲಸ ಕೆಟ್ಟಿತೆಂದು ಕುಂಕುಮ, ಗಂಧ, ವಿಭೂತಿ, ಕಾಡಿಗೆ ಯಾವುದೂ ಒಳಗೆ ಹೋಗಬಾರದು. ನನಗೆ ಬೆಳಿಗ್ಗೆ ಮುಖಕ್ಕೆ ಪೌಡರ್ ಹಚ್ಚಿಕೊಳ್ಳುವ ಅಭ್ಯಾಸ. ಮೊದಲ ಸಲ ಹೋದಾಗ ನನ್ನನ್ನು ಕಿಟಕಿಯ ಹತ್ತಿರ ನಿಲ್ಲಿಸಿ, ಮುಖವನ್ನು ಬೆಳಕಿಗೆ ಓರೆ ಮಾಡಿ ನೋಡಿದರು. ಯಾವುದನ್ನೇ ಆಗಲಿ ಅವರು ನೇರವಾಗಿ ನೋಡಿದ್ದನ್ನು ನಾನು ಕಾಣೆ. ಮಾವಿನ ಹಣ್ಣನ್ನೂ ಓರೆ ಮಾಡಿಯೇ ನೋಡುತ್ತಿದ್ದರು. ‘ಹಿಟ್ಟಿನ ಗಿರಣಿಯಿಂದ ಬಂದಂಗಿದ್ದೀರಿ, ಹೋಗಿ ತೊಳ್ಕೊಂಡು ಬನ್ನಿ’ ಎಂದು ವಾಪಸು ಕಳಿಸಿದರು. ನನ್ನ ಹೆಂಡತಿಗೆ ಇದು ಗೊತ್ತಾಗಿ ವಾರವಿಡೀ ನಕ್ಕಳು. ತಾವೂ ಬಳೆ ತೆಗೆದು, ಹೂವು ಮುಡಿಯದೆ, ಬೋಳು ಹಣೆಯಲ್ಲೇ ಕೆಲಸಕ್ಕೆ ಕೂರುತ್ತಿದ್ದರು. ಹಸಿವಾದರೆ ಮೆಟ್ಟಿಲಿಗೆ ಬಂದು ಕೂತು ಹುರಿಗಡಲೆ ತಿನ್ನುವರು. ಅಲ್ಲಿ ಸಿಕ್ಕವರ ಜೊತೆ ಕಷ್ಟಸುಖ ಮಾತಾಡಿ, ಮತ್ತೆ ಮುಖ ತೊಳೆದು ಒಳಗೆ ಹೋಗುವರು.

ಒಂದು ದಿನ ಆ ಮೆಟ್ಟಿಲ ಮೇಲೇ ಅಣ್ಣನ ಮಾತು ಬಂತು.

ಬೇಗೂರಿನ ಅವರ ಮನೆಯ ಜಗಲಿ ಆ ಸುತ್ತಿನಲ್ಲೆಲ್ಲ ಹೆಸರುವಾಸಿ. ಬದುವಿನ ಜಗಳ, ಅಣ್ಣತಮ್ಮಂದಿರ ಮುನಿಸು, ಗಂಡಹೆಂಡಿರ ಮನಸ್ತಾಪ ಏನಿದ್ದರೂ ಜನ ಠಾಣೆಗೆ ಹೋಗುವ ಮೊದಲು ಆ ಜಗಲಿಗೆ ಬರುತ್ತಿದ್ದರು. ಅಣ್ಣನವರು ಸ್ನಾನ, ಪೂಜೆ ಮುಗಿಸಿ, ಹಣೆಗೆ ಮೂರು ಬೆರಳಿನ ವಿಭೂತಿ ಬಳಿದುಕೊಂಡು ಬಂದು ಕಂಬಕ್ಕೆ ಒರಗಿ ಕೂರುವರು. ಎರಡೂ ಕಡೆಯವರು ಹೇಳಿ ಮುಗಿಸುವವರೆಗೆ ಒಂದು ಮಾತೂ ಆಡರು. ಆಮೇಲೆ ಹೇಳುವುದನ್ನು ನಾಲ್ಕು ಮಾತಿನಲ್ಲಿ ಹೇಳಿ ಎದ್ದುಬಿಡುವರು. ಇಂಥವರಿಗೆ ಒಂದು ವರ್ಷ ಜೋರು ಜ್ವರ ಬಂದು, ಜ್ವರ ಇಳಿಯುವಷ್ಟರಲ್ಲಿ ಕಿವಿ ಪೂರಾ ಹೋಯಿತು. ಕಿವಿಗೆ ಇಡುವ ಮಿಷನ್ನಿನಿಂದಲೂ ಪ್ರಯೋಜನವಾಗಲಿಲ್ಲ. ಅಂದಿನಿಂದ ಜಗಲಿಯಲ್ಲಿ ಕೂರುವುದನ್ನೇ ಬಿಟ್ಟರು. ಬಂದವರಿಗೆ ಕೈ ಮುಗಿದು ಒಳಗೆ ಹೋಗಿಬಿಡುವರು.

‘ಫೋನಿನಲ್ಲಿ ಮಾತು ಅಕ್ಷರವಾಗಿ ಬರೋದಿಲ್ಲವಾ ಮೇಡಂ? ನಮ್ಮ ಅಂಗಡಿ ಹುಡುಗಿಯ ಫೋನಲ್ಲೇ ಇದೆ’ ಎಂದೆ.

‘ತೋರಿಸ್ದೆ. ಎರಡು ದಿನ ನೋಡಿದ. ಆಮೇಲೆ ಫೋನು ಮಡಗಿಬಿಟ್ಟು ಏನಂದ ಗೊತ್ತಾ? ಓದಾಕೆ ತಲೆ ತಗ್ಗುಸ್ಬೇಕು ಕಣಮ್ಮಿ, ತಲೆ ತಗ್ಗುಸ್ಬುಟ್ರೆ ಮೊಕ ಕಾಣಾಕಿಲ್ಲ. ಮೊಕ ನೋಡ್ದೆ ನ್ಯಾಯ ಏಳಾಕಾಯ್ತದಾ ಅಂದ.’ ಮೇಡಂ ಅಣ್ಣನ ಮಾತನ್ನು ಅಣ್ಣನ ದನಿಯಲ್ಲೇ ಒಪ್ಪಿಸಿದರು. ಮತ್ತೆ ಹೇಳಿದರು: ‘ನಾನು ಅರ್ಧ ಆಯುಷ್ಯ ಯಾರ್ಯಾರದೋ ಕ್ಯಾಮೆರಾಕ್ಕೆ ಲೆನ್ಸು ಮಾಡಿದೆ. ನಮ್ಮಣ್ಣ ಮತ್ತೆ ಆ ಜಗಲಿ ಮೇಲೆ ಕೂರಬೇಕು. ಅದೊಂದನ್ನ ನೋಡಿಬಿಟ್ರೆ ಸಾಕು ನನಗೆ.’

ಅಂದಿನಿಂದ ನನಗೂ ಆ ಜಗಲಿಯೇ ಚಿಂತೆ.

ಅಣ್ಣನವರ ಮೂಗು ತಂಗಿಯದಕ್ಕೆ ತದ್ವಿರುದ್ಧ, ಅಗಲ, ಗಟ್ಟಿಮುಟ್ಟು. ಅದರ ಅಳತೆ ತೆಗೆದು ಫ್ರೇಮು ಮಾಡಿಕೊಡುವುದು ನನ್ನ ಪಾಲಿಗೆ ಬಂತು. ಗಾಜಿನ ಒಳಗಿನದೆಲ್ಲ ಅವರದು, ಹೊರಗಿನದು ನನ್ನದು. ಮೇಡಂ ಕೇಳಿದ್ದು ಎರಡೇ. ಎದುರಿಗೆ ಕೂತವನ ಮುಖ ಎಷ್ಟು ದೂರದಲ್ಲಿರುತ್ತದೋ ಅಕ್ಷರಗಳೂ ಅಷ್ಟೇ ದೂರದಲ್ಲಿ, ಆ ಮುಖದ ಪಕ್ಕದಲ್ಲೇ ನಿಲ್ಲಬೇಕು. ಇಲ್ಲದಿದ್ದರೆ ಕಣ್ಣು ಒಮ್ಮೆ ಅಲ್ಲಿಗೆ, ಒಮ್ಮೆ ಇಲ್ಲಿಗೆ ಓಡಾಡಿ ದಣಿಯುತ್ತದೆ. ಎರಡನೆಯದು, ಎದುರಿನವನಿಗೆ ಅಣ್ಣನ ಕಣ್ಣು ಸ್ವಚ್ಛವಾಗಿ ಕಾಣಬೇಕು. ಇಂಥ ಕನ್ನಡಕಗಳಲ್ಲಿ ಬೆಳಕು ಒಂದಿಷ್ಟು ಹೊರಕ್ಕೂ ಸೋರಿ, ಹಾಕಿಕೊಂಡವರ ಕಣ್ಣು ಹಸಿರಾಗಿ ಮಿನುಗುತ್ತದಂತೆ. ‘ಮಿಣುಕು ಕಣ್ಣಿನವನ ಮುಂದೆ ಯಾರು ಕಷ್ಟ ಹೇಳ್ಕೋತಾರೆ?’ ಎಂದು ಅದೊಂದು ಸೋರಿಕೆಯ ಹಿಂದೆ ಒಂದು ಮಳೆಗಾಲ ಪೂರ್ತಿ ಬಿದ್ದರು.

ಎಡವಟ್ಟುಗಳಿಗೂ ಕೊರತೆಯಿರಲಿಲ್ಲ. ಮಾತನ್ನು ಅಕ್ಷರ ಮಾಡುವ ಕೆಲಸವನ್ನು ಜೇಬಿನ ಫೋನೇ ಮಾಡುತ್ತಿತ್ತು. ಆದರೆ ಮೊದಮೊದಲು ಅಕ್ಷರಗಳ ಕೆಳಗಿನ ಒತ್ತುಗಳೆಲ್ಲ ಕತ್ತರಿಸಿಹೋಗಿ, ಅಣ್ಣ ಎಂದರೆ ಅಣ ಎಂದು ಕಾಣುತ್ತಿತ್ತು. ಹೊರಗೆ ಪರೀಕ್ಷೆ ಮಾಡೋಣವೆಂದು ಒಂದು ದಿನ ಗುಂಡ್ಲುಪೇಟೆ ರಸ್ತೆಗೆ ಹೋದೆವು. ಚೆಂಡುಹೂವು ಅರಳಿದ್ದ ಕಾಲ, ರಸ್ತೆಯ ಎರಡೂ ಕಡೆ ಹಳದಿಯೋ ಹಳದಿ, ಮೇಲೆ ನಡುಮಧ್ಯಾಹ್ನದ ಬಿಸಿಲು. ನಾನು ಕನ್ನಡಕ ಹಾಕಿಕೊಂಡು ನಿಂತೆ. ಮೇಡಂ ಏನೋ ಹೇಳಿದರು. ಒಂದು ಅಕ್ಷರವೂ ಕಾಣಲಿಲ್ಲ. ಆ ಹಳದಿಯ ಮುಂದೆ ಹಸಿರು ಅಕ್ಷರ ಪೂರಾ ಕರಗಿಹೋಗಿತ್ತು.

‘ಏನೂ ಬರ್ತಿಲ್ಲ ಮೇಡಂ.’

‘ಹೂವಿಗೆ ಬೆನ್ನು ಹಾಕಿ ನಿಂತ್ಕೊಳ್ಳಿ.’

‘ಹೂವಿಗೆ ಬೆನ್ನು ಹಾಕೋಕೆ ಗುಂಡ್ಲುಪೇಟೆಗೆ ಬರಬೇಕಿತ್ತಾ?’ ಎಂದೆ. ಅವರು ನಕ್ಕೂ ನಕ್ಕೂ ಹೊಂಗೆಮರದ ನೆರಳಿಗೆ ಹೋಗಿ ಕೂತರು. ಸೊಂಪಾಗಿ ನಗುವವರು. ‘ಜಗಲಿ ಮೇಲೆ ನೆರಳಿರುತ್ತೆ ಬಿಡಿ. ನಮ್ಮಣ್ಣ ಹೊಲದಲ್ಲಿ ನಿಂತು ನ್ಯಾಯ ಹೇಳೋನಲ್ಲ’ ಎಂದು ಸಮಾಧಾನ ಮಾಡಿಕೊಂಡರು.

ಮಹಡಿಯಲ್ಲಿ ಪರೀಕ್ಷೆಗೆ ಕೂರುತ್ತಿದ್ದವರು ನಾನು, ಕಾಲೇಜಿನ ಕೆಲವು ಹುಡುಗ ಹುಡುಗಿಯರು, ಮತ್ತು ಸಂತೆಮರಹಳ್ಳಿಯ ಟೈಲರ್ ಸಾಬರು. ಸಾಬರು ನನ್ನ ಹಳೆಯ ಗಿರಾಕಿ. ವಯಸ್ಸಿನ ಜೊತೆ ಅವರಿಗೂ ಕಿವಿ ಮಂದವಾಗಿ, ತೋಳು ಉದ್ದ ಇಡಿ ಎಂದರೆ ಗಿಡ್ಡ ಇಟ್ಟು, ಬಂದವರಿಂದೆಲ್ಲ ಬೈಸಿಕೊಳ್ಳುತ್ತಿದ್ದರು. ಆ ಕನ್ನಡಕ ಹಾಕಿಕೊಂಡ ದಿನ ನಾನು ಹೇಳಿದ ಪ್ರತಿಯೊಂದು ಮಾತನ್ನೂ ಓದಿ, ತಿರುಗಿ ನನಗೇ ಒಪ್ಪಿಸಿ, ಚಪ್ಪಾಳೆ ತಟ್ಟಿದರು. ಬಿಚ್ಚಿ ಕೊಡುವಾಗ ಅದನ್ನು ಎರಡೂ ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದರು.

ಅಂತೂ ಕನ್ನಡಕ ಮುಗಿಯಿತು. ಒಂದೇ ಹಾಳೆ ಗಾಜು. ನನ್ನ ಅಂಗಡಿಯ ಮಾಮೂಲಿ ಓದುವ ಕನ್ನಡಕಕ್ಕಿಂತ ಒಂದು ಚೂರು ಭಾರ, ಅಷ್ಟೇ. ಹೊರಗಿನ ಕಂಪನಿಯೊಂದಕ್ಕೆ ವಿಷಯ ಮುಟ್ಟಿ, ಅವರು ನೋಡಲು ಬರುತ್ತೇವೆಂದು ಫೋನು ಮಾಡಿದ್ದರು. ಆದರೆ ಮೊದಲು ಅಣ್ಣನಿಗೆ ಎಂದು ಮೇಡಂ ನನ್ನನ್ನೂ ಕರೆದುಕೊಂಡು ಬೇಗೂರಿಗೆ ಹೊರಟರು. ಬಸ್ಸಿನಲ್ಲಿ ಡಬ್ಬಿಯನ್ನು ಮಡಿಲಿನಿಂದ ಇಳಿಸಲಿಲ್ಲ.

ಅಣ್ಣನವರು ಆಗಷ್ಟೇ ಪೂಜೆಯಿಂದ ಎದ್ದು ಬಂದಿದ್ದರು. ಹಣೆಯ ಮೇಲೆ ದಪ್ಪ ಮೂರು ಪಟ್ಟೆ ವಿಭೂತಿ, ಆಗತಾನೆ ಒಣಗಿತ್ತು. ತಂಗಿಯೇ ಅವರಿಗೆ ಕನ್ನಡಕ ಹಾಕಿ, ಎದುರಿಗೆ ಕೂತು, ‘ಅಣ್ಣ, ಕಾಣ್ತದಾ?’ ಎಂದು ಕೇಳಿದರು. ಅಣ್ಣನವರ ಮುಖ ಅರಳಿತು. ‘ಬತ್ತಾದೆ ಕಣಮ್ಮಿ! ಅಣ್ಣ ಕಾಣ್ತದಾ ಅಂತ ಬತ್ತಾದೆ!’ ಎಂದು ಹುಬ್ಬೆತ್ತಿದರು. ಹುಬ್ಬೆತ್ತಿದಾಗ ಹಣೆ ನೆರಿಗೆಯಾಗಿ, ಒಣಗಿದ ವಿಭೂತಿ ಪುಡಿಪುಡಿಯಾಗಿ ಗಾಜಿನ ಮೇಲೆ ಉದುರಿತು. ಬೆರಳಿನಿಂದ ಒರೆಸಿಕೊಂಡರು. ಬೆರಳಿನಲ್ಲೂ ವಿಭೂತಿ. ಮತ್ತೆ ತಂಗಿ ಮಾತಾಡಿದಾಗ ಅಣ್ಣನವರು ಕಣ್ಣು ಕಿರಿದು ಮಾಡಿದರು. ‘ಮಂಜು ಬಿದ್ದಂಗಾಯ್ತಲ್ಲ. ನಿನ್ ಮೊಕಾನೂ ಕಾಣಾಕಿಲ್ಲ ಈಗ’ ಎಂದರು.

ಮೇಡಂಗೆ ತಕ್ಷಣ ಅರ್ಥವಾಯಿತು. ನನಗೆ ಅರ್ಥವಾದದ್ದು ಅವರು ಬಿಡಿಸಿ ಹೇಳಿದ ಮೇಲೆ. ಬೆಳಕು ಗಾಜಿನ ಎರಡು ಮುಖಕ್ಕೂ ಬಡಿಯುತ್ತಾ ಹೋಗಬೇಕಲ್ಲ, ಬಡಿಯುವ ಜಾಗದಲ್ಲಿ ಪುಡಿಯೋ ಜಿಡ್ಡೋ ಅಂಟಿಕೊಂಡಿದ್ದರೆ ಅಲ್ಲೇ ಚೆದುರಿ ಹೊರಬೀಳುತ್ತದೆ, ಗಾಜೆಲ್ಲ ಮಸುಕಾಗಿ ಬೆಳಗುತ್ತದೆ. ಮಹಡಿಯ ಮೇಲೆ ಇದು ಒಂದು ಸಲವೂ ಆಗಿರಲಿಲ್ಲ. ಹೇಗಾದೀತು? ಬಂದವರಿಗೆಲ್ಲ ಅವರೇ ಮುಖ ತೊಳೆಸುತ್ತಿದ್ದರಲ್ಲ!

‘ವಿಭೂತಿ ಮನೇಲಿ ಹುಟ್ಟಿದೋಳು ನಾನು’ ಎಂದರು ವಾಪಸು ಬರುವಾಗ ಬಸ್ಸಿನಲ್ಲಿ. ‘ಬೆಳಿಗ್ಗೆ ಎದ್ದರೆ ಆ ಮೂರು ಪಟ್ಟೆ ನೋಡ್ಕೊಂಡು ಬೆಳೆದೋಳು. ಮೂಗಿನ ಅಳತೆ ತಗೊಂಡೆ, ಜಗಲಿ ಅಳತೆ ತಗೊಂಡೆ, ನಮ್ಮಣ್ಣನ ಹಣೆ ಮರೆತುಬಿಟ್ಟೆ ನೋಡಿ.’ ಅಂದು ಅವರು ತಮ್ಮ ಕನ್ನಡಕವನ್ನು ಮೇಲಕ್ಕೆ ತಳ್ಳಿಕೊಳ್ಳಲಿಲ್ಲ. ಅದು ಮೂಗಿನ ತುದಿಯಲ್ಲೇ ಇತ್ತು. ನನಗೆ ಅವರನ್ನು ನೋಡಿ ಸಂಕಟವಾಯಿತು.

‘ಅಣ್ಣನಿಗೆ ಕೂರುವ ಹೊತ್ತು ಮಾತ್ರ ವಿಭೂತಿ ಬೇಡ ಅಂತ ಹೇಳಿ’ ಎಂದೆ.

‘ಹೇಳಲ್ಲ’ ಎಂದರು. ಅಷ್ಟು ಚುಟುಕಾಗಿ ಅವರು ನನಗೆ ಯಾವತ್ತೂ ಉತ್ತರ ಕೊಟ್ಟಿರಲಿಲ್ಲ.

ಕಂಪನಿಯವರು ಬರುವ ದಿನ ಬಂತು. ಒಬ್ಬ ಗಂಡಸು, ಒಬ್ಬ ಹೆಂಗಸು, ಇಬ್ಬರೂ ಸಂಭಾವಿತರು, ಕನ್ನಡ ಬಲ್ಲವರು. ಮೇಡಂ ಅಣ್ಣನನ್ನು ಕರೆದಿರಲಿಲ್ಲ, ಸಾಬರನ್ನು ಕೂರಿಸೋಣವೆಂದಿದ್ದರು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ನೋಡಿದರೆ ಅಣ್ಣನವರು. ಕಿವಿ ಹೋದ ಮೇಲೆ ಬೇಗೂರು ಬಿಟ್ಟು ಕದಲದಿದ್ದವರು, ಕಂಪನಿಯವರು ಬರುವ ದಿನವನ್ನು ಹೇಗೋ ತಿಳಿದುಕೊಂಡು, ಒಬ್ಬರೇ ಬಸ್ಸು ಹತ್ತಿ ಬಂದಿದ್ದರು. ಹಣೆಯ ಮೇಲೆ ಏನೂ ಇರಲಿಲ್ಲ. ಅಂದು ಗಾಜು ಮಂಜಾದದ್ದು ಯಾಕೆಂದು ತಾವೇ ಊಹಿಸಿ, ಮನೆಯಲ್ಲೇ ತೊಳೆದುಕೊಂಡು ಬಂದಿದ್ದರು. ಬೋಳು ಹಣೆಯಲ್ಲಿ ಅವರು ಬೇರೆ ಯಾರೋ ಆಗಿ ಕಂಡು, ನನಗೇ ಒಂದು ಕ್ಷಣ ಗುರುತು ಸಿಗಲಿಲ್ಲ. ಮೇಡಂ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟರು.

‘ಏನಮ್ಮಿ ಅಂಗೆ ನೋಡೀಯ? ನಿನ್ ಕೆಲ್ಸ ಕೆಡ್ಬಾರ್ದು ಅಂತ ಬಂದೆ. ಆಕು, ಆಕು’ ಎಂದು ಅಣ್ಣನವರು ಕೂತರು.

ಅಂದು ಒಂದೂ ಅಕ್ಷರ ಮಸುಕಾಗಲಿಲ್ಲ. ಕಂಪನಿಯ ಹೆಂಗಸು ಪಿಸುದನಿಯಲ್ಲಿ ಕೇಳಿದ್ದಕ್ಕೂ ಅಣ್ಣನವರು ಅವರ ಮುಖ ನೋಡುತ್ತಲೇ ತಟಕ್ಕನೆ ಉತ್ತರ ಕೊಟ್ಟರು. ಬಂದವರಿಬ್ಬರೂ ಒಬ್ಬರನ್ನೊಬ್ಬರು ನೋಡಿ ತಲೆದೂಗಿದರು. ಆಗ ಮೇಡಂ, ಯಾರೂ ಕೇಳದಿದ್ದರೂ, ತಾವಾಗಿ ಹೇಳಿದರು: ‘ಇವರು ದಿನಾ ಹೀಗಿರಲ್ಲ. ಹಣೆಗೆ ವಿಭೂತಿ ಹಚ್ಚೋರು. ಹಚ್ಚಿದರೆ ಇದು ಕೆಲಸ ಮಾಡಲ್ಲ. ಎರಡೂ ಕಡೆ ತೆಳು ಗಾಜಿನ ಮುಚ್ಚಳ ಬೇಕು, ನಡುವೆ ಒಂದು ಕೂದಲೆಳೆಯಷ್ಟು ಗಾಳಿ ಬಿಡಬೇಕು. ಆಗ ಪುಡಿ ಬಿದ್ದರೂ ಮುಚ್ಚಳದ ಮೇಲೆ ಬೀಳುತ್ತೆ, ಬೆಳಕು ಓಡಾಡೋ ಗಾಜನ್ನ ಮುಟ್ಟಲ್ಲ. ಒರೆಸಿಕೊಂಡರಾಯಿತು.’

‘ತೂಕ?’ ಎಂದರು ಆ ಗಂಡಸು.

‘ಜಾಸ್ತಿಯಾಗುತ್ತೆ.’

ಕಂಪನಿಯವರಿಗೆ ಬೇಕಾಗಿದ್ದುದು ಹಗುರವೇ. ಮುಚ್ಚಳ ಹಾಕಿದರೆ ಇದೂ ಉಳಿದ ದಪ್ಪ ಕನ್ನಡಕಗಳ ಸಾಲಿಗೆ ಸೇರುತ್ತದೆ, ಒಂದೇ ಹಾಳೆಯದನ್ನೇ ಕೊಡಿ, ಪುಡಿ ಸೋಕದಂತೆ ಬಳಸಿ ಎಂದು ಡಬ್ಬಿಯ ಮೇಲೆ ಬರೆಸೋಣ ಎಂದರು. ಮೇಡಂ, ‘ಅದಿನ್ನೂ ಮುಗಿದಿಲ್ಲ, ಮುಗಿಯದೆ ಕೊಡಲ್ಲ’ ಎಂದರು. ಬಂದವರು ಕಾಫಿ ಕುಡಿದು, ಮನಸ್ಸು ಬದಲಾದರೆ ತಿಳಿಸಿ ಎಂದು ಹೇಳಿ ಹೋದರು.

ಅಣ್ಣನಿಗಾಗಿ ಒಂದು ಜೊತೆ ಮುಚ್ಚಳದ ಕನ್ನಡಕ ಸಿದ್ಧವಾಯಿತು. ಭಾರವೇ ಆಗಿತ್ತು. ಅಣ್ಣನವರ ಗಟ್ಟಿಮೂಗಿಗೆ ನಾನು ಅಗಲವಾದ ಮೆತ್ತೆ ಮಾಡಿಕೊಟ್ಟೆ. ವಿಭೂತಿ ಉದುರಿದರೂ ಪಂಚೆಯ ಅಂಚಿನಲ್ಲಿ ಒರೆಸಿಕೊಂಡು ಓದುತ್ತಿದ್ದರು. ಮನೆಯವರ ಜೊತೆ, ಹೂವಿನ ಮಂಡಿಯವರ ಜೊತೆ ಮಾತುಕತೆ ಶುರುವಾಯಿತು. ‘ಇವ್ನು ಯಾರಮ್ಮಿ ಇದ್ರೊಳಗೆ, ಮೇಷ್ಟ್ರಂಗೆ ಬರೀತಾನೆ? ನಾನು ಓಗನ ಅಂದ್ರೆ ಹೋಗೋಣ ಅಂತಾನೆ’ ಎಂದು ತಮಾಷೆ ಮಾಡಿದರು. ಆದರೆ ಜಗಲಿಯಲ್ಲಿ ಮಾತ್ರ ಕೂರಲಿಲ್ಲ. ಯಾರಾದರೂ ನ್ಯಾಯಕ್ಕೆಂದು ಬಂದರೆ, ‘ಇನ್ನೂ ಅಭ್ಯಾಸ ಆಗ್ಲಿಲ್ಲ ಕಣಪ್ಪ. ಒಂದ್ ಮಾತು ತೆಪ್ಪಾಗಿ ಓದ್ಬುಟ್ರೆ ಒಂದ್ ಮನೆ ಆಳಾಯ್ತದೆ’ ಎಂದು ಕಳಿಸಿಬಿಡುವರು. ಒಂದು ಬೇಸಿಗೆ ಹೋಯಿತು, ಒಂದು ದೀಪಾವಳಿಯೂ ಹೋಯಿತು. ಮೇಡಂ ಅಣ್ಣನನ್ನು ಒತ್ತಾಯ ಮಾಡಲಿಲ್ಲ. ಮೆಟ್ಟಿಲ ಮೇಲೆ ಕೂತಾಗ ಮಾತು ಕಡಿಮೆಯಾಯಿತು.

ಇನ್ನೊಂದು ಕಡೆ ಸಾಬರು ನನ್ನ ಅಂಗಡಿಗೆ ಬಂದಾಗಲೆಲ್ಲ ಮಹಡಿಯ ಕಡೆ ಕಣ್ಣು ಹಾಯಿಸಿ, ‘ಆ ಹಗೂರದ್ದು ಯಾವಾಗ ಸಾರ್ ಅಂಗ್ಡೀಗ್ ಬರಾದು?’ ಎಂದು ಕೇಳುತ್ತಿದ್ದರು. ಮುಚ್ಚಳದ್ದನ್ನು ಅವರಿಗೂ ಹಾಕಿ ನೋಡಿದ್ದೆ. ದಿನವಿಡೀ ತಲೆ ಬಗ್ಗಿಸಿ ಹೊಲಿಯುವವರು ಅವರು, ಅದು ಜಾರಿ ಮಿಷನ್ನಿನ ಮೇಲೆಯೇ ಬೀಳುತ್ತಿತ್ತು. ಅವರಿಗೆ ಸಮಾಧಾನ ಹೇಳಿ ಹೇಳಿ ನನಗೆ ಸಾಕಾಯಿತು. ಒಂದು ದಿನ ಮೇಡಂ ಜೊತೆ ಜಗಳವನ್ನೇ ಆಡಿದೆ.

‘ನಿಮ್ಮದು ಹಟ ಮೇಡಂ. ಕೊಟ್ಟುಬಿಡಿ ಆ ಕಂಪನಿಗೆ. ಎಷ್ಟು ಜನಕ್ಕೆ ಉಪಯೋಗವಾಗುತ್ತೆ!’

‘ಕೊಟ್ಟರೆ ಅಲ್ಲಿಗೇ ನಿಲ್ಲಿಸಿಬಿಡ್ತಾರೆ. ನಮ್ಮಣ್ಣನಂಥೋರಿಗೆ ಆಮೇಲೆ ಯಾರೂ ಮಾಡಲ್ಲ. ಹಣೆ ತೊಳ್ಕೊಂಡು ಬನ್ನಿ ಅಂತಾರೆ. ಅವತ್ತು ತೊಳ್ಕೊಂಡು ಬಂದಿದ್ದನ್ನ ನೀವೂ ನೋಡಿದಿರಲ್ಲ.’

ಸಿಟ್ಟಿನಲ್ಲಿ ಬಾಯಿಗೆ ಬಂದದ್ದನ್ನು ಹೇಳಿದೆ: ‘ಹಾಗಾದರೆ ನ್ಯಾಯಕ್ಕೇ ಹೋಗೋಣ. ನಿಮ್ಮಣ್ಣನ ಹತ್ತಿರವೇ.’

ಹೇಳಿದ ಮೇಲೆ ಹಿಂದೆಗೆಯಲು ಮನಸ್ಸು ಬರಲಿಲ್ಲ. ಸಾಬರನ್ನು ಜೊತೆಗೆ ಕರೆದುಕೊಂಡು ಒಂದು ಸೋಮವಾರ ಬೇಗೂರಿಗೆ ಹೋದೆ. ಮೇಡಂ ಹಿಂದಿನ ದಿನವೇ ಅಲ್ಲಿಗೆ ಹೋಗಿದ್ದರು. ಅಣ್ಣನವರು ಬಾಗಿಲಿಗೆ ಬಂದರು. ನಾನು ನಿಧಾನವಾಗಿ, ಒಂದೊಂದೇ ಮಾತಾಗಿ, ‘ನನಗೂ ನಿಮ್ಮ ತಂಗಿಗೂ ಒಂದು ವ್ಯಾಜ್ಯ ಇದೆ. ನೀವು ನ್ಯಾಯ ಹೇಳಬೇಕು’ ಎಂದೆ.

ಅವರು ಓದಿಕೊಂಡು, ನನ್ನ ಮುಖ ನೋಡಿ, ಒಳಗೆ ನಿಂತಿದ್ದ ತಂಗಿಯನ್ನು ನೋಡಿದರು. ಈ ಸಲವೂ ಕೈ ಮುಗಿದು ಕಳಿಸುತ್ತಾರೆ ಎಂದುಕೊಂಡೆ. ಆದರೆ, ‘ಮನೆ ನ್ಯಾಯ ತಾನೆ. ತೆಪ್ಪಾದ್ರೂ ಮನೆವೊಳಗೇ ಇರ್ತದೆ. ಇರಿ, ಪೂಜೆ ಮುಗುಸ್ಕೊಂಡು ಬತ್ತೀನಿ’ ಎಂದು ಒಳಗೆ ಹೋದರು.

ವಿಭೂತಿ ಇಟ್ಟುಕೊಂಡು, ಮಡಿಪಂಚೆ ಉಟ್ಟು, ಹೊರಗೆ ಬಂದು ಜಗಲಿಯ ಕಂಬಕ್ಕೆ ಒರಗಿ ಕೂತರು. ಬೀದಿಯಲ್ಲಿ ಹೋಗುತ್ತಿದ್ದ ಒಬ್ಬಿಬ್ಬರು ಇದನ್ನು ಕಂಡು ಅಲ್ಲೇ ನಿಂತರು. ನಾನು, ಸಾಬರು ಒಂದು ಕಡೆ, ಮೇಡಂ ಇನ್ನೊಂದು ಕಡೆ. ನಾನು ಬಾಯಿ ತೆರೆದದ್ದೇ ತಡ ಮೇಡಂ ಅಡ್ಡ ಬಂದರು, ನಾನೂ ದನಿ ಏರಿಸಿದೆ. ಅಣ್ಣನವರು ಕೈ ಎತ್ತಿದರು. ‘ಒಬ್ಬೊಬ್ರಾಗಿ ಮಾತಾಡಿ. ಎಲ್ಡೂ ಒಟ್ಗೇ ಬತ್ತಾ ಅವೆ’ ಎಂದರು. ನನ್ನ ದೂರನ್ನು ನಾನು ಹೇಳಿದೆ. ಸಾಬರು ತಮ್ಮ ಹೊಲಿಗೆಯ ಪಾಡು ಹೇಳಿಕೊಂಡರು. ಮೇಡಂ, ನನಗೆ ಹೇಳಿದ್ದನ್ನೇ, ಇನ್ನೂ ಚೆನ್ನಾಗಿ ಹೇಳಿದರು. ಅಷ್ಟು ಹೊತ್ತೂ ಅಣ್ಣನವರು ಮಾತಾಡುತ್ತಿದ್ದವರ ಮುಖದಿಂದ ಕಣ್ಣು ಕೀಳಲಿಲ್ಲ. ನಡುವೆ ಒಂದು ಸಲ ಕನ್ನಡಕ ತೆಗೆದು ಒರೆಸಿಕೊಳ್ಳುವಾಗ ಮೇಡಂ ತಾವಾಗಿ ಮಾತು ನಿಲ್ಲಿಸಿ ಕಾದರು.

ಕೊನೆಗೆ ಅಣ್ಣನವರು ಹೇಳಿದರು:

‘ನಿನ್ ಮಾತು ಸುಳ್ಳಲ್ಲ ಕಣಮ್ಮಿ. ನಮ್ಮಂಥೋರ್ನ ಮರ್ತುಬುಡ್ತಾರೆ ಅಂತೀಯ, ಮರೀಬೋದು. ಆದ್ರೆ ಈ ಸಾಬ್ರ ಅಣೆ ಮ್ಯಾಲೆ ಈಬೂತಿ ಇಲ್ಲ. ನನ್ ಅಣೆ ಈಬೂತಿಗೋಸ್ಕರ ಅವ್ರ ಕಿವಿ ಯಾಕೆ ಮುಚ್ಚಿಕ್ಕೀಯ? ಅಗೂರದ್ದ ಕೊಟ್ಬುಡು. ಈ ಮುಚ್ಚಳದ್ದ ನೀನೇ ಮಾಡ್ತಾ ಇರು, ಬೇಕಾದೋರು ನಿನ್ನೇ ಉಡಿಕ್ಕೊಂಡು ಬತ್ತಾರೆ.’

ಸಾಬರು ಮಂದ ಕಿವಿಯಲ್ಲೇ ಅರ್ಧಂಬರ್ಧ ಕೇಳಿಸಿಕೊಂಡು ನನ್ನ ಮುಖ ನೋಡಿದರು. ಗೆದ್ದೆವು ಎಂದು ನಾನು ಸನ್ನೆ ಮಾಡಿದೆ. ಬೀಗುತ್ತಾ ಮೇಡಂ ಕಡೆ ತಿರುಗಿದೆ. ಸಿಟ್ಟಾಗಿರುತ್ತಾರೆ, ನಾಳೆಯೇ ಮಹಡಿ ಖಾಲಿ ಮಾಡಿದರೂ ಮಾಡಿಯಾರು ಎಂದು ಒಳಗೊಳಗೇ ಅಳುಕಿತ್ತು. ಅವರು ಅಳುತ್ತಿದ್ದರು. ಸೆರಗಿನಿಂದ ಕಣ್ಣು ಒರೆಸಿಕೊಳ್ಳದೆ, ಮುಖ ಮುಚ್ಚಿಕೊಳ್ಳದೆ, ಬಾಯಿ ತುಂಬ ನಗುತ್ತಾ ಅಳುತ್ತಿದ್ದರು.

ಅಣ್ಣನವರು ಏಳಲು ಹೊರಟವರು ಮತ್ತೆ ಕೂತರು. ‘ನ್ಯಾಯ ನಿನ್ ಇರುದ್ಧ ಓಯ್ತು. ನಿನ್ ಮೊಕ ನೋಡುದ್ರೆ ಗೆದ್ದೋರ ಮೊಕ ಇದ್ದಂಗದೆ. ಯಾಕಮ್ಮಿ?’ ಎಂದು ಕೇಳಿದರು.

‘ಕೂತ್ಯಲ್ಲಣ್ಣ’ ಎಂದರು ಮೇಡಂ. ‘ನೀ ಇಲ್ಲಿ ಕೂತ್ಯಲ್ಲ.’

ಅಣ್ಣನವರು ಅದನ್ನು ಓದಿಕೊಂಡರು. ಕಂಬಕ್ಕೆ ಒರಗಿ, ತಂಗಿಯ ಮುಖವನ್ನೇ ನೋಡುತ್ತಾ ತುಂಬ ಹೊತ್ತು ಅಲ್ಲೇ ಕೂತಿದ್ದರು.